ಪರದೇಶದಲ್ಲಿ ಸ್ವಂತ ವ್ಯಾಪಾರ: ಹೊರಡುವ ಮುನ್ನ ಕೆಲವು ಮಾತು

ಗಲ್ಫಿಗೆ ಹೋಗುವುದು ನಮ್ಮ ಕರಾವಳಿಯ ಮನೆಗಳಿಗೆ ಹೊಸ ಸುದ್ದಿಯಲ್ಲ. ಭಟ್ಕಳದ ಮಾವಿನಕುರ್ವೆ ಬಂದರಿನಿಂದ ಹಿಡಿದು ಹೊನ್ನಾವರ, ಕುಮಟಾದವರೆಗೆ, ಒಬ್ಬರಾದರೂ ಹೊರದೇಶದಲ್ಲಿ ಇಲ್ಲದ ಕೇರಿಯನ್ನು ಹುಡುಕುವುದೇ ಕಷ್ಟ. ಮೊದಲು ಜನ ಕೇಳುತ್ತಿದ್ದುದು "ಅಲ್ಲಿ ಏನಾದರೂ ಕೆಲಸ ಸಿಕ್ಕೀತೇ?" ಎಂದು. ಈಗ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಾಗ ಕಿವಿಗೆ ಬೀಳುವ ಪ್ರಶ್ನೆ ಬೇರೆ. "ಅಲ್ಲಿ ಸ್ವಂತದ್ದೇ ಮಾಡಿದರೆ ಹೇಗೆ? ಈಗ ಅರಬಾಬನ ಪಾಲು ಬೇಡವಂತೆ, ನೂರಕ್ಕೆ ನೂರು ನಮ್ಮದೇ ಅಂತೆ" ಎನ್ನುತ್ತಾರೆ.

ಕೇಳುವವರು ಹುಡುಗರಲ್ಲ. ಹತ್ತಿಪ್ಪತ್ತು ವರ್ಷ ಅಲ್ಲಿ ದುಡಿದು ಬಂದವರು, ಇಲ್ಲಿ ಬೋಟು, ಐಸು, ಮೀನಿನ ವ್ಯಾಪಾರ ನಡೆಸಿ ನಾಲ್ಕು ಕಾಸು ಕೂಡಿಟ್ಟವರು, ತೋಟ ಮಾರುವ ಯೋಚನೆಯಲ್ಲಿರುವವರು. ಅವರ ಹಿಂದೆ ಹೆಂಡತಿ ಮಕ್ಕಳು, ವಯಸ್ಸಾದ ತಂದೆತಾಯಿ ಇದ್ದಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುವುದು ಒಳ್ಳೆಯದೆಂದು ನಮಗೆ ಅನಿಸಿತು. ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ಇರುವವರಿಗೂ ಇದರಿಂದ ಉಪಯೋಗವಾದೀತು, ಏಕೆಂದರೆ ಇಂಥವರು ಸಲಹೆ ಕೇಳಲು ಮೊದಲು ಬರುವುದು ಅವರ ಬಳಿಗೇ.

ದೂರದ ವ್ಯಾಪಾರ ಈ ತೀರಕ್ಕೆ ಹಳೆಯ ಪರಿಚಯ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಹುಡುಗಿಯರ 13 ಮತ್ತು ಹುಡುಗರ 23 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಸಮುದ್ರದ ವ್ಯಾಪಾರದಿಂದ ಊರು ಎಷ್ಟು ಬೆಳೆದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಭಟ್ಕಳದ ಬಂದರಿಗೆ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದವು. ಇಲ್ಲಿಂದ ಅಕ್ಕಿ, ಕಬ್ಬಿಣ ಹೋಗುತ್ತಿತ್ತು. ಆಗ ಅರಬರು ಇಲ್ಲಿಗೆ ಬಂದು ಮಳಿಗೆ ಹಾಕಿದರು, ಈಗ ನಾವು ಅಲ್ಲಿಗೆ ಹೋಗಿ ಹಾಕುತ್ತೇವೆ.

ನೂರಕ್ಕೆ ನೂರು ಎಂಬ ಮಾತು

ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಮುಂತಾದ ಕಡೆ, ಬಹಳ ಕಾಲ ಇದ್ದ ಕಾನೂನಿನ ಪ್ರಕಾರ ಊರೊಳಗಿನ ಕಂಪನಿಯಲ್ಲಿ ಕನಿಷ್ಠ 51 ಶೇಕಡಾ ಪಾಲು ಆ ದೇಶದ ಪ್ರಜೆಯದ್ದಾಗಿರಬೇಕಿತ್ತು. 1985ರಲ್ಲಿ ಶುರುವಾದ ಜೆಬೆಲ್ ಅಲಿಯಂಥ ಫ್ರೀ ಝೋನ್‌ಗಳಲ್ಲಿ ಮಾತ್ರ ಪೂರ್ತಿ ಒಡೆತನ ಸಾಧ್ಯವಿತ್ತು. ಹಾಗಾಗಿ ನಮ್ಮವರಲ್ಲಿ ಅನೇಕರು ಬಂಡವಾಳ ತಮ್ಮದು, ದುಡಿಮೆ ತಮ್ಮದು, ಕಾಗದದಲ್ಲಿ ಹೆಚ್ಚಿನ ಪಾಲು ಇನ್ನೊಬ್ಬನದು ಎಂಬ ಸ್ಥಿತಿಯಲ್ಲೇ ವ್ಯಾಪಾರ ನಡೆಸಿದರು. ಅರಬಾಬ್ ಒಳ್ಳೆಯವನಾದರೆ ವರ್ಷಕ್ಕಿಷ್ಟು ಎಂದು ತೆಗೆದುಕೊಂಡು ಸುಮ್ಮನಿರುತ್ತಿದ್ದ. ಅವನ ನಂತರ ಮಕ್ಕಳು ಬಂದಾಗ ಅದೇ ಮಾತು ಉಳಿಯುತ್ತದೆಂದು ಹೇಳುವಂತಿರಲಿಲ್ಲ.

2021ರ ಜೂನ್ 1ರಿಂದ ಈ ನಿಯಮ ಸಡಿಲವಾಯಿತು. ಕೆಲವು ಆಯ್ದ ಕ್ಷೇತ್ರಗಳನ್ನು ಬಿಟ್ಟು ಹೆಚ್ಚಿನ ವ್ಯಾಪಾರಗಳಲ್ಲಿ ಪರದೇಶಿಯರೇ ಪೂರ್ತಿ ಒಡೆಯರಾಗಬಹುದು. ಒಮಾನಿನಲ್ಲಿ 2020ರಿಂದ ಇಂಥದೇ ಕಾನೂನು ಜಾರಿಯಲ್ಲಿದೆ. ಸೌದಿಯಲ್ಲೂ ಸರಕಾರದ ಹೂಡಿಕೆ ಪರವಾನಗಿ ಪಡೆದು ಪೂರ್ತಿ ಒಡೆತನದ ಕಂಪನಿ ಮಾಡಬಹುದು. ಆದರೆ ಅಲ್ಲಿ ಸೌದಿ ಪ್ರಜೆಯ ಹೆಸರಿನಲ್ಲಿ ಪರವಾನಗಿ ಇಟ್ಟುಕೊಂಡು ಒಳಗಿಂದ ಪರದೇಶಿ ವ್ಯಾಪಾರ ನಡೆಸುವುದು ಅಪರಾಧ. 2021ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಅದಕ್ಕೆ 5 ವರ್ಷದವರೆಗೆ ಸೆರೆವಾಸ, 50 ಲಕ್ಷ ರಿಯಾಲ್‌ವರೆಗೆ ದಂಡ. "ಎಲ್ಲರೂ ಹಾಗೇ ಮಾಡುತ್ತಾರೆ" ಎಂದು ಯಾರಾದರೂ ಹೇಳಿದರೆ ಈ ಎರಡು ಅಂಕಿಗಳನ್ನು ನೆನಪಿಡಿ.

ಹೆಸರಿನ ಈ ಪ್ರಶ್ನೆ ಎಷ್ಟು ದೊಡ್ಡದೆಂಬುದು 1990ರಲ್ಲಿ ಕುವೈತಿನಲ್ಲಿದ್ದವರಿಗೆ ಗೊತ್ತು. ಆಗಸ್ಟ್ 2ರಂದು ಇರಾಕಿನ ಸೇನೆ ನುಗ್ಗಿದ ಮೇಲೆ ಒಂದು ಲಕ್ಷಕ್ಕಿಂತ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಊರು ಸೇರಿದರು. ಕರಾವಳಿಯ ಅನೇಕ ಕುಟುಂಬಗಳು ಕೈಚೀಲದೊಂದಿಗೆ ಮರಳಿದವು. ನಂತರ 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿದಾಗ, ನಷ್ಟವಾದ ಅಂಗಡಿ ಪರವಾನಗಿ ಹೊಂದಿದ್ದ ಕುವೈತಿಯದೋ, ನಡೆಸುತ್ತಿದ್ದ ಪರದೇಶಿಯದೋ ಎಂಬ ಪ್ರಶ್ನೆ ಎದ್ದಿತು. ಕಾಗದ ಇದ್ದವರಿಗೂ ಇಲ್ಲದವರಿಗೂ ಇದ್ದ ವ್ಯತ್ಯಾಸ ಅಲ್ಲಿ ಕಂಡುಬಂತು.

ಹಾಗಾದರೆ ಈಗ ಎಲ್ಲ ಸಲೀಸೇ? ಅಂಗಡಿ ನೂರಕ್ಕೆ ನೂರು ನಮ್ಮದಾಗಬಹುದು, ಆದರೆ ಆ ದೇಶದಲ್ಲಿ ನಮ್ಮ ವಾಸ ನಮ್ಮ ಕೈಯಲ್ಲಿಲ್ಲ. ಇಲ್ಲಿಯೇ ಹೆಚ್ಚಿನವರು ಎಡವುವುದು. ವ್ಯಾಪಾರದ ಪರವಾನಗಿ ಒಂದು, ವಾಸದ ವೀಸಾ ಇನ್ನೊಂದು, ಊರಿನಿಂದ ಕೊಂಡೊಯ್ಯುವ ಹಣ ಮೂರನೆಯದು. ಮೂರಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಕಚೇರಿ. ಏಜೆಂಟರು ಮೂರನ್ನೂ ಒಂದೇ ಪೊಟ್ಟಣ ಮಾಡಿ ಒಂದೇ ಬೆಲೆ ಹೇಳುತ್ತಾರೆ. ಕೇಳುವಾಗ ಹಿತವಾಗಿರುತ್ತದೆ.

ಪರವಾನಗಿ ಪ್ರತಿ ವರ್ಷ ನವೀಕರಿಸಬೇಕು. ದುಬೈಯಲ್ಲಿ ಊರೊಳಗಿನ ಅಂಗಡಿಗೆ ನೋಂದಾಯಿತ ಬಾಡಿಗೆ ಕರಾರು ಇಲ್ಲದೆ ನವೀಕರಣವಾಗುವುದಿಲ್ಲ. ಪಾಲುದಾರನೆಂಬ ವೀಸಾ ನಿಂತಿರುವುದು ಆ ಪರವಾನಗಿಯ ಮೇಲೆ, ಹೆಂಡತಿ ಮಕ್ಕಳ ವೀಸಾ ಅದರ ಮೇಲೆ. ಒಂದು ವರ್ಷ ವ್ಯಾಪಾರ ಕುಸಿದು ಪರವಾನಗಿಯ ಹಣ ಕಟ್ಟಲಾಗದಿದ್ದರೆ, ಮಗುವಿನ ಶಾಲೆಯವರೆಗೆ ಆ ಬಿಸಿ ಮುಟ್ಟುತ್ತದೆ. ಸಂಬಳದವನಿಗೆ ಕೆಲಸ ಹೋದರೆ ಟಿಕೆಟು ಹಿಡಿದು ಊರಿಗೆ ಬರಬಹುದು. ಅಂಗಡಿಯವನಿಗೆ ಅದೂ ಸುಲಭವಲ್ಲ: ನೌಕರರ ಲೆಕ್ಕ ತೀರಿಸಬೇಕು, ಬಾಡಿಗೆ ತೀರಿಸಬೇಕು, ಪರವಾನಗಿಯನ್ನು ವಿಧಿವತ್ತಾಗಿ ರದ್ದು ಮಾಡಿಸಬೇಕು. ಸಾಮಾನ್ಯ ವೀಸಾದವರು 6 ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದ ಹೊರಗೆ ಉಳಿದರೆ ವೀಸಾ ಬಿದ್ದುಹೋಗುತ್ತದೆ. ಊರಲ್ಲಿ ಅಪ್ಪನಿಗೆ ಕಾಯಿಲೆ ಎಂದು ಬಂದು ಕೂತವರು ಇದನ್ನು ಮರೆಯಬಾರದು.

2019ರಿಂದ ಗೋಲ್ಡನ್ ವೀಸಾ ಎಂಬ ದೀರ್ಘ ಅವಧಿಯ ವ್ಯವಸ್ಥೆ ಬಂದಿದೆ. 20 ಲಕ್ಷ ದಿರಮ್ ಬೆಲೆಯ ಆಸ್ತಿ ಕೊಂಡವರಿಗೆ ಈಗ ಅದು 10 ವರ್ಷಕ್ಕೆ ಸಿಗುತ್ತದೆ, ಹೊರಗಿದ್ದರೆ ಬಿದ್ದುಹೋಗುವ ತೊಂದರೆಯೂ ಅದಕ್ಕಿಲ್ಲ. 2022ರ ಅಕ್ಟೋಬರಿನಿಂದ ಸ್ವಂತ ಉದ್ಯೋಗದವರಿಗೆ 5 ವರ್ಷದ ಗ್ರೀನ್ ವೀಸಾ ಕೂಡ ಬಂತು. ಒಳ್ಳೆಯದೇ. ಆದರೆ ಇವು ಯಾವುವೂ ಪೌರತ್ವವಲ್ಲ. ಮೂವತ್ತು ವರ್ಷ ಅಲ್ಲಿ ಬದುಕಿದರೂ ಕೊನೆಗೆ ಮರಳುವ ಮನೆ ಇಲ್ಲಿಯೇ ಇರಬೇಕು. ಹಾಗಾಗಿ ಆ ಮನೆಯನ್ನು ಅಡವಿಟ್ಟು ಹೋಗುವ ಮಾತನ್ನು ನಾವು ಮುಂದೆ ಬೇರೆಯಾಗಿಯೇ ಎತ್ತುತ್ತೇವೆ.

ತೆರಿಗೆಯೇ ಇಲ್ಲ ಎಂಬ ಮಾತೂ ಹಳೆಯದಾಯಿತು. 2018ರ ಜನವರಿಯಿಂದ 5 ಶೇಕಡಾ ವ್ಯಾಟ್ ಇದೆ. 2023ರ ಜೂನ್ 1ರ ನಂತರ ಶುರುವಾಗುವ ಲೆಕ್ಕವರ್ಷಗಳಿಗೆ 3,75,000 ದಿರಮ್ ಮೀರಿದ ಲಾಭದ ಮೇಲೆ 9 ಶೇಕಡಾ ಕಂಪನಿ ತೆರಿಗೆ ಇದೆ. ಈಗಿನ ವಿನಿಮಯದಲ್ಲಿ ಅದು ಸುಮಾರು 90 ಲಕ್ಷ ರೂಪಾಯಿ. ಸಣ್ಣ ಅಂಗಡಿಗೆ ಅಷ್ಟು ಲಾಭ ಬರಲಿಕ್ಕಿಲ್ಲ. ಆದರೆ ಲಾಭ ಇರಲಿ ಬಿಡಲಿ, ನೋಂದಣಿ ಮತ್ತು ಲೆಕ್ಕಪತ್ರ ತಪ್ಪುವುದಿಲ್ಲ. ಪುಸ್ತಕ ಇಡದೆ ವ್ಯಾಪಾರ ಮಾಡಿದ ಕಾಲ ಮುಗಿಯಿತು.

ಊರಿನಿಂದ ಹಣ ಕೊಂಡೊಯ್ಯುವುದು

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಪರವಾನಗಿ, ವೀಸಾಗಳ ಬಗ್ಗೆ ಹೇಳಿಕೊಡಲು ಬಹಳ ಜನ ಸಿಗುತ್ತಾರೆ. ಹಣದ ಬಗ್ಗೆ ಸರಿಯಾಗಿ ಹೇಳುವವರು ಕಡಿಮೆ.

ಭಾರತದಲ್ಲಿ ವಾಸಿಸುವ ಒಬ್ಬ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. 2004ರಲ್ಲಿ ಈ ಯೋಜನೆ ಬಂದಾಗ ಮಿತಿ 25,000 ಡಾಲರ್ ಇತ್ತು. ಬ್ಯಾಂಕಿನಲ್ಲಿ ಇದನ್ನು ಎಲ್‌ಆರ್‌ಎಸ್ ಎನ್ನುತ್ತಾರೆ. ಮಿತಿ ದೊಡ್ಡದಾಗಿದೆ, ಹಾಗಾಗಿ ತೊಂದರೆ ಮಿತಿಯಿಂದ ಬರುವುದಿಲ್ಲ.

ತೊಂದರೆ ಬರುವುದು ಮೂರು ಕಡೆಯಿಂದ. ಒಂದು, ಪರದೇಶದ ನಮ್ಮದೇ ಕಂಪನಿಯ ಷೇರಿಗೆಂದು ಕಳಿಸುವ ಹಣ 2022ರ ಆಗಸ್ಟ್ 22ರಂದು ಬಂದ ಸಾಗರೋತ್ತರ ಹೂಡಿಕೆ ನಿಯಮಗಳಿಗೆ ಒಳಪಡುತ್ತದೆ. ಬ್ಯಾಂಕಿನಲ್ಲಿ ನಮೂನೆ ತುಂಬಿ, ಆ ಹೂಡಿಕೆಗೆ ಒಂದು ಗುರುತು ಸಂಖ್ಯೆ ಪಡೆದು, ಆಮೇಲೆ ಕಳಿಸಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ವರದಿ ಕೊಡಬೇಕು. "ಮನೆಖರ್ಚಿಗೆ" ಎಂದು ಬರೆದು ಕಳಿಸಿದ ಹಣದಲ್ಲಿ ಕಂಪನಿ ಕಟ್ಟಿದರೆ ಅದು ತಪ್ಪು, ಮುಂದೆ ಲಾಭವನ್ನು ಊರಿಗೆ ತರುವಾಗ ಈ ಎಳೆ ಸಿಕ್ಕಿಬೀಳುತ್ತದೆ.

ಎರಡನೆಯದು ತೆರಿಗೆ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿ ಹೀಗೆ ಬಂಡವಾಳಕ್ಕೆಂದು ಕಳಿಸಿದರೆ, ಮೀರಿದ ಭಾಗದ ಮೇಲೆ ಬ್ಯಾಂಕು 20 ಶೇಕಡಾ ಮುಂಗಡ ತೆರಿಗೆ ವಸೂಲಿ ಮಾಡುತ್ತದೆ. 60 ಲಕ್ಷ ಕಳಿಸುವವನಿಂದ 50 ಲಕ್ಷದ ಮೇಲೆ 10 ಲಕ್ಷ ಹೋಗುತ್ತದೆ. ಅಂದರೆ ಅಲ್ಲಿ 60 ಲಕ್ಷ ತಲುಪಬೇಕಾದರೆ ಇಲ್ಲಿ ಕೈಯಲ್ಲಿ 70 ಲಕ್ಷ ಇರಬೇಕು. ಈ ಹಣ ಮುಳುಗುವುದಿಲ್ಲ, ಆದಾಯ ತೆರಿಗೆಯ ವಿವರ ಸಲ್ಲಿಸಿದಾಗ ಸರಿಹೊಂದಿಸಬಹುದು ಅಥವಾ ಮರಳಿ ಪಡೆಯಬಹುದು. ಆದರೆ ಅಷ್ಟು ತಿಂಗಳು ಅದು ನಮ್ಮ ಕೈಯಲ್ಲಿರುವುದಿಲ್ಲ, ವ್ಯಾಪಾರ ಶುರುವಾಗುವ ತಿಂಗಳುಗಳೂ ಅವೇ. ವ್ಯಾಪಾರಕ್ಕೆಂದು ಹೊರಟುಹೋಗಿ ಕಾನೂನಿನ ಪ್ರಕಾರ ಅನಿವಾಸಿಯಾದ ಮೇಲೆ ದಾರಿ ಬೇರೆ: ಊರಿನ ಉಳಿತಾಯ ಖಾತೆ ಎನ್‌ಆರ್‌ಒ ಖಾತೆಯಾಗಬೇಕು, ಅದರಿಂದ ತೆರಿಗೆಯ ಕಾಗದಗಳೊಂದಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಯಾವುದನ್ನು ಮೊದಲು, ಯಾವುದನ್ನು ನಂತರ ಮಾಡಬೇಕೆಂದು ಟಿಕೆಟು ಮಾಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ಮೂರನೆಯದು ಸಾಲ. ಎಲ್‌ಆರ್‌ಎಸ್ ಅಡಿ ಇಂಥ ಬಂಡವಾಳ ಕಳಿಸಲು ಬ್ಯಾಂಕುಗಳು ಸಾಲ ಕೊಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇದನ್ನು ಕೇಳಿ ಬಹಳ ಜನ ಹುಬ್ಬೇರಿಸುತ್ತಾರೆ. ಮನೆ ಅಡವಿಟ್ಟು ದುಬೈಯಲ್ಲಿ ಅಂಗಡಿ ತೆರೆಯುತ್ತೇನೆ ಎಂಬ ಯೋಜನೆ ಮೊದಲ ಮೆಟ್ಟಿಲಲ್ಲೇ ನಿಯಮಕ್ಕೆ ವಿರುದ್ಧ. ಆಗ ಜನ ಏನು ಮಾಡುತ್ತಾರೆ? ಮನೆ ದುರಸ್ತಿಗೆಂದು ಸಾಲ ಎತ್ತಿ, ಹಣವನ್ನು ಹುಂಡಿಯಲ್ಲಿ ಸಾಗಿಸುತ್ತಾರೆ. ಹುಂಡಿ ಸಿಕ್ಕಿಬಿದ್ದರೆ ವಿದೇಶಿ ವಿನಿಮಯ ಕಾನೂನಿನಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಸಿಕ್ಕಿಬೀಳದಿದ್ದರೂ, ಅಲ್ಲಿನ ಬ್ಯಾಂಕು "ಈ ಹಣ ಎಲ್ಲಿಂದ ಬಂತು?" ಎಂದು ಕೇಳಿದಾಗ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಈಗ ಅಲ್ಲಿ ಕಂಪನಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಮೊದಲ ಪ್ರಶ್ನೆಯೇ ಇದು.

ತೋಟ ಮಾರುವವರಿಗೂ ಒಂದು ಮಾತು. ಅನಿವಾಸಿ ಭಾರತೀಯರು ತಮ್ಮ ಹೆಸರಿನಲ್ಲಿ ಮೊದಲೇ ಇದ್ದ ಅಥವಾ ಪಿತ್ರಾರ್ಜಿತವಾಗಿ ಬಂದ ಕೃಷಿಭೂಮಿಯನ್ನು ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಕೃಷಿಭೂಮಿ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾನೂನಿಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು ನಿಜ. ಅನಿವಾಸಿಯರಿಗೆ ಅಡ್ಡಬರುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು, ಅದು ಬದಲಾಗಿಲ್ಲ. ಹೊಳೆಯ ದಂಡೆಯ ಅರ್ಧ ಎಕರೆ ತೆಂಗಿನ ತೋಟ ಮಾರಿ ಹೋದವನು, ಅಲ್ಲಿ ಹತ್ತು ವರ್ಷದಲ್ಲಿ ಎಷ್ಟೇ ಗಳಿಸಿದರೂ, ಅಲ್ಲಿದ್ದುಕೊಂಡು ಅದೇ ತೋಟವನ್ನು ಮರಳಿ ಕೊಳ್ಳಲಾರ. ಪಹಣಿಯಲ್ಲಿ ಹೆಸರು ಹೋದರೆ ಹೋಯಿತು. ಮಾರುವ ಮೊದಲು ಮನೆಯಲ್ಲಿ ಎಲ್ಲರೂ ಕೂತು ಇದನ್ನು ಮಾತಾಡಬೇಕು.

ಎಷ್ಟು ತಿಂಗಳು ತಡೆದೀತು?

ಆರ್ಥಿಕವಾಗಿ ಸ್ವತಂತ್ರ ಎಂದರೆ ಮೇಲೆ ಯಜಮಾನ ಇಲ್ಲದಿರುವುದು ಎಂದು ತಿಳಿಯುವವರಿದ್ದಾರೆ. ನಮಗನಿಸುವುದು ಬೇರೆ. ಅಂಗಡಿಯಿಂದ ಒಂದು ಕಾಸೂ ಬರದಿದ್ದರೆ ಎಷ್ಟು ತಿಂಗಳು ಅಲ್ಲಿಯ ಮತ್ತು ಊರಿನ ಎರಡೂ ಮನೆ ನಡೆದಾವು? ಆ ಲೆಕ್ಕ ಹಾಕಿದವನಿಗೆ ತನ್ನ ಸ್ವಾತಂತ್ರ್ಯ ಎಷ್ಟೆಂದು ಗೊತ್ತಾಗುತ್ತದೆ.

ತಿಳಿಯಲು ಸುಲಭವಾಗಲೆಂದು ಹೀಗೆ ಹಿಡಿಯೋಣ. ಮಾವಿನಕುರ್ವೆಯ ಒಬ್ಬ ಮೀನು ವ್ಯಾಪಾರಿ 60 ಲಕ್ಷ ರೂಪಾಯಿ ತಲುಪಿಸಿದ್ದಾನೆ. ಪರವಾನಗಿ, ವೀಸಾ, ಮುಂಗಡ ಬಾಡಿಗೆ, ಫ್ರೀಜರು, ತಂಪು ವ್ಯಾನು ಎಂದು 40 ಲಕ್ಷ ಖರ್ಚಾಯಿತು. ಉಳಿದದ್ದು 20 ಲಕ್ಷ. ಅಲ್ಲಿನ ವಾಸ, ಊಟ, ಇಬ್ಬರು ನೌಕರರ ಸಂಬಳ, ವಿಮೆ, ಪೆಟ್ರೋಲು ಸೇರಿ ತಿಂಗಳಿಗೆ 4 ಲಕ್ಷ, ಊರ ಮನೆಗೆ 40 ಸಾವಿರ. ಹಾಗಾದರೆ ಅವನ ಸ್ವಾತಂತ್ರ್ಯ ನಾಲ್ಕೂವರೆ ತಿಂಗಳದು. ಹೋಟೆಲುಗಳು ಮೀನು ಕೊಳ್ಳುವುದು ಉದ್ದರಿಯಲ್ಲಿ. ಎರಡು ಮೂರು ತಿಂಗಳು ಕಳೆದು ಬಿಲ್ಲು ಪಾವತಿಸುತ್ತಾರೆ. ಮೀನು ತರುವ ಕಡೆ ಮಾತ್ರ ರೊಕ್ಕ ಎಣಿಸಬೇಕು. ವ್ಯಾಪಾರ ಚೆನ್ನಾಗಿ ನಡೆದಷ್ಟೂ ಕೈ ಬೇಗ ಬರಿದಾಗುತ್ತದೆ. ಇದು ವಿಚಿತ್ರವೆನಿಸಿದರೂ ಉದ್ದರಿ ವ್ಯಾಪಾರ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ.

ಬಾಡಿಗೆಯ ವಿಷಯ ಬೇರೆಯೇ. ದುಬೈಯಲ್ಲಿ ವರ್ಷದ ಬಾಡಿಗೆಯನ್ನು ಮುಂದಿನ ತಾರೀಕಿನ ಕೆಲವೇ ಚೆಕ್ಕುಗಳಲ್ಲಿ ಮೊದಲೇ ಬರೆದುಕೊಡುವುದು ವಾಡಿಕೆ. ಮೊದಲು ಚೆಕ್ಕು ಬೌನ್ಸ್ ಆದರೆ ಪೊಲೀಸು, ಜೈಲು. 2022ರ ಜನವರಿ 2ರಿಂದ ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆದ ಸಾಮಾನ್ಯ ಪ್ರಕರಣ ಅಪರಾಧವಲ್ಲ, ಆದರೆ ಚೆಕ್ಕು ಹಿಡಿದವನು ಮೊಕದ್ದಮೆ ನಡೆಸದೆ ನೇರವಾಗಿ ವಸೂಲಿಗೆ ಹೋಗಬಹುದು. ಮೋಸದ ಉದ್ದೇಶವಿದ್ದರೆ ಈಗಲೂ ಅಪರಾಧವೇ. ಇನ್ನೊಂದು, ಸೀಮಿತ ಹೊಣೆಯ ಕಂಪನಿ ಎಂದು ಹೆಸರಿದ್ದರೂ ಬ್ಯಾಂಕು ಸಾಲ ಕೊಡುವಾಗ ಒಡೆಯನ ವೈಯಕ್ತಿಕ ಜಾಮೀನು ಕೇಳುತ್ತದೆ. ಅದಕ್ಕೆ ಸಹಿ ಮಾಡಿದ ಗಳಿಗೆಯಲ್ಲಿ ಸೀಮಿತ ಎಂಬ ಶಬ್ದ ಹೊರಟುಹೋಗುತ್ತದೆ.

ಕಾಪುವಿನಿಂದ 1973ರಲ್ಲಿ ಅಬುಧಾಬಿಗೆ ಹೋದ ಬಿ. ಆರ್. ಶೆಟ್ಟಿಯವರ ಹೆಸರು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. 1975ರಲ್ಲಿ ಶುರುವಾದ ಅವರ ಎನ್ಎಂಸಿ ಆಸ್ಪತ್ರೆ ಸಂಸ್ಥೆ 2012ರಲ್ಲಿ ಲಂಡನ್ ಷೇರುಪೇಟೆ ಏರಿತು. 2019ರ ಡಿಸೆಂಬರಿನಲ್ಲಿ ಅದರ ಲೆಕ್ಕಪತ್ರಗಳ ಬಗ್ಗೆ ಪ್ರಶ್ನೆಗಳು ಎದ್ದವು, 2020ರ ಏಪ್ರಿಲಿನಲ್ಲಿ ಸಂಸ್ಥೆ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ಕೈಸೇರಿತು. ಅದರ ಸರಿತಪ್ಪು ನ್ಯಾಯಾಲಯಗಳಿಗೆ ಬಿಟ್ಟದ್ದು. 45 ವರ್ಷದಲ್ಲಿ ಕಟ್ಟಿದ್ದು ಐದೇ ತಿಂಗಳಲ್ಲಿ ಕೈತಪ್ಪಿತು ಎಂಬುದನ್ನಷ್ಟೇ ನಾವು ಗಮನಿಸುತ್ತೇವೆ.

ಭಟ್ಕಳದ ನವಾಯತ ವ್ಯಾಪಾರಿಗಳಿಂದ ನಮ್ಮವರು ಕಲಿಯುವುದು ಬಹಳವಿದೆ. ಅವರಲ್ಲಿ ನಾವು ಕಂಡ ರೀತಿ ಹೀಗೆ: ಹೊಸ ಹುಡುಗ ಹೋದಕೂಡಲೇ ಅಂಗಡಿ ತೆರೆಯುವುದಿಲ್ಲ. ಮೊದಲು ಸಂಬಂಧಿಕರ ಅಂಗಡಿಯಲ್ಲಿ ನಿಂತು ಮಾಲು, ಗಿರಾಕಿ, ಭಾಷೆ ಕಲಿಯುತ್ತಾನೆ. ಆಮೇಲೆ ಸಣ್ಣ ಪಾಲು, ಬಹಳ ವರ್ಷದ ಮೇಲೆ ಸ್ವಂತದ್ದು. ಬಂಡವಾಳ ಅಣ್ಣತಮ್ಮಂದಿರದ್ದು, ಬಡ್ಡಿಯದ್ದಲ್ಲ. ಒಬ್ಬ ಅಲ್ಲಿದ್ದರೆ ಒಬ್ಬ ಊರಲ್ಲಿರುತ್ತಾನೆ. ಊರಿನ ಜಮಾತುಗಳು ಗಲ್ಫಿನ ನಗರಗಳಲ್ಲೂ ಇವೆ, ಕಷ್ಟಕ್ಕೆ ಕೇಳುವವರಿದ್ದಾರೆ. 1919ರಲ್ಲಿ ಸ್ಥಾಪನೆಯಾದ ಭಟ್ಕಳದ ಅಂಜುಮನ್ ವಿದ್ಯಾಸಂಸ್ಥೆಗಳನ್ನು ನೋಡಿದರೆ ಒಂದು ಸಮಾಜ ಒಟ್ಟಾಗಿ ನಿಂತರೆ ಏನಾಗುತ್ತದೆಂದು ತಿಳಿಯುತ್ತದೆ. ನಮ್ಮಲ್ಲಿ ಒಬ್ಬೊಬ್ಬರೇ ಹೋಗುತ್ತೇವೆ, ಎಷ್ಟು ಹಣ ಹಾಕಿದ್ದೇವೆಂದು ಸ್ವಂತ ತಮ್ಮನಿಗೂ ಹೇಳುವುದಿಲ್ಲ. ಈ ಗುಟ್ಟಿನ ಅಭ್ಯಾಸ ಬಿಡಬೇಕೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಅಲ್ಲಿ ಅಂಗಡಿ ತೆರೆದು ಊರಿನಿಂದ ಇಬ್ಬರು ಹುಡುಗರನ್ನು ಕರೆಸಿಕೊಂಡ ದಿನದಿಂದ ನಾವೇ ಅರಬಾಬ್. ಸಂಬಳವನ್ನು 2009ರಿಂದ ಇರುವ ವ್ಯವಸ್ಥೆಯಂತೆ ಬ್ಯಾಂಕಿನ ಮೂಲಕವೇ ಕೊಡಬೇಕು, ತಡವಾದರೆ ಹೊಸ ಕೆಲಸದ ಪರವಾನಗಿ ನಿಲ್ಲುತ್ತದೆ. ಅವರ ಪಾಸ್‌ಪೋರ್ಟನ್ನು ನಾವು ಇಟ್ಟುಕೊಳ್ಳುವಂತಿಲ್ಲ. ಒಂದು ಕಾಲದಲ್ಲಿ ನಮ್ಮ ಪಾಸ್‌ಪೋರ್ಟ್ ಯಾರದ್ದೋ ಕಪಾಟಿನಲ್ಲಿ ಇದ್ದಾಗ ನಮಗೆ ಹೇಗನಿಸಿತ್ತೆಂಬುದು ನೆನಪಿದ್ದರೆ ಸಾಕು.

ಗಲ್ಫ್ ಬಿಟ್ಟು ಇನ್ನೂ ದೂರ ಹೋಗುವ ಆಸೆಯವರಿಗೆ ಚುಟುಕಾಗಿ ಹೇಳುತ್ತೇವೆ. ಸಣ್ಣ ವ್ಯಾಪಾರಿಗಳಿಗೆಂದು ಅಮೆರಿಕದಲ್ಲಿರುವ ಇ-2 ವೀಸಾ ಭಾರತೀಯ ಪ್ರಜೆಗಳಿಗೆ ಸಿಗುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಹೂಡಿಕೆದಾರರ ಇನ್ನೊಂದು ದಾರಿಗೆ ಕನಿಷ್ಠ 8 ಲಕ್ಷ ಡಾಲರ್ ಬೇಕು. ಬ್ರಿಟನ್ ತನ್ನ ಹೂಡಿಕೆದಾರರ ವೀಸಾವನ್ನು 2022ರ ಫೆಬ್ರವರಿಯಲ್ಲಿ ಮುಚ್ಚಿತು. ಕೆನಡಾದ ಸ್ಟಾರ್ಟ್-ಅಪ್ ವೀಸಾ 2025ರ ಕೊನೆಗೆ ಹೊಸ ಅರ್ಜಿಗಳಿಗೆ ಮುಚ್ಚಿತು. ನ್ಯೂಜಿಲೆಂಡ್ 2025ರಲ್ಲಿ ತೆರೆದ ವ್ಯಾಪಾರ ವೀಸಾಕ್ಕೆ ಅಲ್ಲಿ ಈಗಾಗಲೇ ನಡೆಯುತ್ತಿರುವ ವ್ಯಾಪಾರದಲ್ಲಿ ಕನಿಷ್ಠ 10 ಲಕ್ಷ ನ್ಯೂಜಿಲೆಂಡ್ ಡಾಲರ್ ಹೂಡಬೇಕು. ಈ ದೇಶಗಳಲ್ಲಿ ಕಾಲಕ್ರಮದಲ್ಲಿ ಪೌರತ್ವ ಸಿಗಬಹುದು ಎಂಬುದು ನಿಜ. ಅದನ್ನು ಪಡೆದ ದಿನ ಭಾರತದ ಪೌರತ್ವ ಹೋಗುತ್ತದೆ. "ಕೆನಡಾದಲ್ಲಿ ಅಂಗಡಿ, ಇಷ್ಟು ಲಕ್ಷಕ್ಕೆ" ಎಂಬ ಜಾಹೀರಾತು ಕಂಡರೆ ಆ ವೀಸಾದ ಹೆಸರು ಕೇಳಿ, ಅದು ಇನ್ನೂ ತೆರೆದಿದೆಯೇ ಎಂದು ಆ ದೇಶದ ಸರಕಾರಿ ತಾಣದಲ್ಲೇ ನೋಡಿ.

ಮನೆಯವರ ಕೈಯಲ್ಲಿ ಇರಬೇಕಾದ ಕಾಗದಗಳು

ಒಬ್ಬನೇ ಒಡೆಯನಾಗಿರುವ ಅಂಗಡಿಯ ಯಜಮಾನ ಹಠಾತ್ತನೆ ತೀರಿಕೊಂಡರೆ ಅಲ್ಲಿನ ಬ್ಯಾಂಕ್ ಖಾತೆ ನ್ಯಾಯಾಲಯದ ಆದೇಶ ಬರುವವರೆಗೆ ನಿಂತುಹೋಗುತ್ತದೆ. ನೌಕರರ ಸಂಬಳ, ಬಾಡಿಗೆ, ಪರವಾನಗಿ ಮಾತ್ರ ನಿಲ್ಲುವುದಿಲ್ಲ. ಮುಸ್ಲಿಮೇತರರು ತಮ್ಮ ಉಯಿಲು ನೋಂದಾಯಿಸಲು ದುಬೈಯ ಡಿಐಎಫ್‌ಸಿಯಲ್ಲಿ 2015ರಿಂದ ವ್ಯವಸ್ಥೆಯಿದೆ. 2023ರ ಫೆಬ್ರವರಿ 1ರಿಂದ ಮುಸ್ಲಿಮೇತರರಿಗೆ ಪ್ರತ್ಯೇಕ ನಾಗರಿಕ ಕುಟುಂಬ ಕಾನೂನೂ ಜಾರಿಯಲ್ಲಿದೆ. ಊರಿನ ಆಸ್ತಿಗೆ ನಮ್ಮ ಕ್ರೈಸ್ತ ಬಾಂಧವರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ. ಎರಡು ಕಡೆ ಆಸ್ತಿ ಇದ್ದವರು ಎರಡಕ್ಕೂ ಉಯಿಲು ಮಾಡಿಡುವುದು ಒಳ್ಳೆಯದು. ಸಾವಿನ ಮಾತು ಮನೆಯಲ್ಲಿ ಎತ್ತಲು ಎಲ್ಲರಿಗೂ ಹಿಂಜರಿಕೆ. ಆದರೂ ಪರವಾನಗಿಯ ಪ್ರತಿ, ಬಾಡಿಗೆ ಕರಾರು, ಬರೆದುಕೊಟ್ಟ ಚೆಕ್ಕುಗಳ ಪಟ್ಟಿ, ಸಾಲ ಕೊಟ್ಟವರ ಮತ್ತು ಕೊಡಬೇಕಾದವರ ಹೆಸರು, ಇಷ್ಟಾದರೂ ಊರಿನಲ್ಲಿರುವ ಹೆಂಡತಿಯ ಕೈಯಲ್ಲಿ ಇರಲಿ.

ಕೊನೆಗೆ ಧರ್ಮಕೇಂದ್ರದ ಕಚೇರಿಗೆ ಸಂಬಂಧಿಸಿದ ವಿಷಯ. ಕುಟುಂಬವನ್ನು ಕರೆಸಿಕೊಳ್ಳಲು ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳು ಬೇಕು. ಯುಎಇಗೆ ಅಪೊಸ್ಟಿಲ್ ಮುದ್ರೆ ಮಾತ್ರ ಸಾಲದು. ರಾಜ್ಯ ಸರಕಾರ, ನಮ್ಮ ವಿದೇಶಾಂಗ ಇಲಾಖೆ, ಅವರ ರಾಯಭಾರ ಕಚೇರಿ ಹೀಗೆ ಸಾಲಾಗಿ ದೃಢೀಕರಣವಾಗಬೇಕು. ಇಲ್ಲಿ ಹೆಚ್ಚಾಗಿ ಕೆಲಸ ಕೆಡುವುದು ಹೆಸರಿನಲ್ಲಿ. ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮೂರನೆಯದು. ಡಿಸೋಜಾದಲ್ಲಿ ಡಿ ಅಕ್ಷರದ ನಂತರ ಮೇಲೊಂದು ಗೆರೆ ಇದೆಯೋ ಇಲ್ಲವೋ, ಫೆರ್ನಾಂಡಿಸ್ ಕೊನೆಯ ಅಕ್ಷರ ಯಾವುದು ಎಂಬುದಕ್ಕೇ ಅರ್ಜಿ ಮರಳಿ ಬರುತ್ತದೆ. ಹಾಗೆಂದು ವಿಚಾರಣಾ ಗುರುಗಳ ಬಳಿ ಬಂದು "ಫಾದರ್, ಸ್ವಲ್ಪ ತಿದ್ದಿಕೊಡಿ" ಎಂದರೆ ಅವರಿಗೆ ಆಗುವುದಿಲ್ಲ. ಮೂಲ ದಾಖಲೆಯನ್ನು ಯಾರೂ ಮನಸ್ಸಿಗೆ ಬಂದಂತೆ ತಿದ್ದುವಂತಿಲ್ಲ. ಆಧಾರಗಳೊಂದಿಗೆ ಅರ್ಜಿ ಕೊಟ್ಟು, ಧರ್ಮಾಧ್ಯಕ್ಷರ ಕಚೇರಿಯ ಅನುಮತಿ ಬಂದ ಮೇಲೆ ಬದಿಯಲ್ಲಿ ಟಿಪ್ಪಣಿ ಬರೆಯುವುದು ಕ್ರಮ. ಇದಕ್ಕೆ ಸಮಯ ಬೇಕು. ವಿಮಾನದ ಟಿಕೆಟು ಕೈಯಲ್ಲಿ ಹಿಡಿದು ಬರಬೇಡಿ, ಹೋಗುವ ಯೋಚನೆ ಹುಟ್ಟಿದ ವಾರವೇ ನಿಮ್ಮ, ನಿಮ್ಮ ಪತ್ನಿಯ ಮತ್ತು ಮಕ್ಕಳ ಕಾಗದಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿಗೆ ಹರಡಿ, ಅಕ್ಷರ ಅಕ್ಷರ ಹೋಲಿಸಿ ನೋಡಿ.